ತಿದಿಗೆ ಬಳಿದ ಅಂಟು

ಅಪ್ಪಾ,

ನಿನ್ನ ಬೀದಿ ಆರ್ಗನ್ನಿಗೆ ಗಾಳಿ ಊದುವ ತಿದಿಯನ್ನು ಇವತ್ತು ಬಿಚ್ಚಿದೆವು. ಹಾರ್ಲೆಮ್ ಸಂತೆಯಲ್ಲಿ ಅದು ಅರ್ಧ ಹಾಡಿಗೇ ಸೊರಗಿ ನಿಂತಿತ್ತು. ನಿನ್ನ ಗೆಳೆಯ ಯೌಕೆ ಮಾಮ ಬಿಸಿನೀರಿನ ಬಟ್ಟೆ ಒತ್ತುತ್ತಾ ಹಳೆಯ ಕುರಿಚರ್ಮವನ್ನು ಮೆಲ್ಲಗೆ ಎಬ್ಬಿಸಿದರು. ಮುಂದೆ ರಿಪೇರಿ ಮಾಡುವವರು ಬಿಸಿನೀರಿನಿಂದ ಸುಲಭವಾಗಿ ಬಿಡಿಸಲೆಂದೇ ನೀವೆಲ್ಲ ಚರ್ಮ ಕುದಿಸಿದ ಅಂಟು ಬಳಸುತ್ತಿದ್ದಿರಿ. ತಿದಿಯ ಕೊನೆಯ ಮಡಿಕೆ ಮಾತ್ರ ಬಿಸಿಗೆ ಬಿಡದೆ ಮರದ ಸಿಬಿರಿನ ಸಮೇತ ಕಿತ್ತು ಬಂತು.

“ಯಾವ ಕತ್ತೆ ಇಲ್ಲಿ ಬಾಟಲಿ ಅಂಟು ಬಳಿದಿದ್ದು? ನಿಮ್ಮಪ್ಪ ಇದ್ದಿದ್ರೆ ಅವನ ಕೈ ಮುರೀತಿದ್ದ!” ಎಂದು ಮಾಮ ರೇಗಿದರು.

ನಾನು ಸಿಬಿರುಗಳನ್ನು ಆರಿಸತೊಡಗಿದೆ. ನೀನು ಹೋದ ಮೇಲೆ ನಿನ್ನ ಮನೆ ಖಾಲಿ ಮಾಡುವಾಗ ಆ ಅಂಟಿನ ಬಾಟಲಿ ನನಗೇ ಸಿಕ್ಕಿತ್ತು.

ಹಾಳಾದ ಹಲಗೆ ತೆಗೆದು ಹೊಸತು ಕೂರಿಸಿದೆವು. ಮಾಮ ಬಿಸಿ ಅಂಟು ಬಳಿಯುತ್ತಾ ಹೋದಂತೆ ನಾನು ಹಿಂದೆಯೇ ಚರ್ಮ ಎಳೆದು ಒತ್ತಬೇಕಿತ್ತು.

“ಬೇಗ ಹಿಡ್ಕೊಳ್ಳಮ್ಮಾ, ಆರಿಹೋಗುತ್ತೆ! ಇದು ಇಬ್ಬರ ಕೆಲಸ. ಒಬ್ಬನೇ ಇದ್ರೆ ನಿಧಾನಕ್ಕೆ ಆರೋ ಬಾಟಲಿ ಅಂಟೇ ಗತಿ...”

ಮಾಮ ಮಾತು ನಿಲ್ಲಿಸಿ ಕಿತ್ತ ಹಲಗೆಯತ್ತ ನೋಡಿದರು. ಆಮೇಲೆ ಯಾರನ್ನೂ ಬೈಯಲಿಲ್ಲ.

ನೀನು ಒಬ್ಬನೇ ಅಂಟಿಸಿದ್ದ ಆ ಮಡಿಕೆಯ ಚರ್ಮವನ್ನು ನಾನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ. “ಬಿಡಮ್ಮಾ, ಅಂಟು ಹಿಡಿದಾಯ್ತು” ಎಂದರು ಮಾಮ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ, ಮೆತ್ತಗೆ, ಅದನ್ನೇ ಹೇಳಬೇಕಾಯಿತು.