ಪ್ರಯಾಣದ ಸುರುಳಿ

ಬಾನಿ
ಜೂನ್ 19, 2013, ಬುಧವಾರ

ಪ್ರೀತಿಯ ಮಿಲ್ಕೆಯಾ,

‘ಪ್ರೀತಿಯ’ ಎಂದು ಬರೆದದ್ದು ಕೈಯ ಅಭ್ಯಾಸ, ಅದನ್ನು ನೋಡಿ ಉಬ್ಬಿಹೋಗಬೇಡ. ಹೇಗಿದ್ದೀಯ? ಸೊಂಟನೋವು ಹೇಗಿದೆ? ಆ ಮ್ಯಾಡ್ರಿಡ್ಡಿನ ಮುದುಕಿಯನ್ನು ಹಾಸಿಗೆಯಿಂದ ಎಬ್ಬಿಸುವಾಗ ಮಂಡಿ ಬಗ್ಗಿಸಿ ಎತ್ತು, ಸೊಂಟದ ಮೇಲೆ ಭಾರ ಹಾಕಬೇಡ ಎಂದು ಬಡಕೊಂಡಿದ್ದೇನೆ, ನೀನು ಯಾವತ್ತು ನನ್ನ ಮಾತು ಕೇಳಿದ್ದೀಯ. ನನ್ನ ಕಾಲು ಎಂದಿನ ಹಾಗೆ ಸಂಜೆಯಾದರೆ ಊದಿಕೊಳ್ಳುತ್ತದೆ. ಅಂಗಳದ ಮಾವಿನಮರ ಈ ವರ್ಷ ಹುಚ್ಚು ಹಿಡಿದಂತೆ ಕಾಯಿ ಬಿಟ್ಟಿದೆ. ತಿನ್ನುವವರಿಲ್ಲ, ಬಿದ್ದು ಕೊಳೆಯುತ್ತಿವೆ. ತಿನ್ನುವವರು ಯಾಕಿಲ್ಲ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಬಾಯಿ ತೆರೆದ ಕೂಡಲೇ “ಅಕ್ಕಾ, ಲೈನು ಸರಿಯಿಲ್ಲ ಕಣೇ” ಎಂದು ಇಟ್ಟುಬಿಡುತ್ತೀಯ. ಪಕ್ಕದ ಮನೆಯ ತಾತಿಕಾ ಅಜ್ಜಿಯ ಸೊಸೆ ಶುಕ್ರವಾರ ನಿಮ್ಮೂರಿಗೆ ಹೊರಟಿದ್ದಾಳೆ. ನಾಳೆ ಕೂದಲು ಮಾಡಿಸಿಕೊಳ್ಳಲು ನನ್ನ ಸಲೂನಿಗೇ ಬರುತ್ತಾಳೆ, ಅವಳ ಕೈಯಲ್ಲೇ ಈ ಕಾಗದ ಕೊಟ್ಟು ಕಳಿಸುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರು ಎಂದೂ ಹೇಳಿ ಕಳಿಸುತ್ತೇನೆ.

ನನಗೆ ಬೇಕಾದದ್ದು ಒಂದೇ ಉತ್ತರ. ಯಾನೆಲಿಸ್‌ಗೆ ಮೊದಲೇ ಗೊತ್ತಿತ್ತೇ? ನೀನು ಮಾಡಿದ್ದನ್ನು ನಾನು ಕೇಳುತ್ತಿಲ್ಲ. ನೀನು ಹೆತ್ತವಳು, ಕಾಗದಪತ್ರವೆಲ್ಲ ನಿನ್ನ ಕಡೆ ಇದೆ, ಕೋರ್ಟು ಪೊಲೀಸು ಎಲ್ಲ ನಿನ್ನ ಕಡೆ. ನಾನು ಬರೀ ದೊಡ್ಡಮ್ಮ. ಹಾಲುಹಲ್ಲಿನ ಕೂಸನ್ನು ನನ್ನ ಸೊಂಟದ ಮೇಲೆ ಕೂರಿಸಿ ‘ಎರಡು ವರ್ಷ ಅಕ್ಕಾ, ಎರಡೇ ವರ್ಷ’ ಎಂದು ಹೋದವಳು ನೀನು. ಅವಳ ಹಲ್ಲು ಬಿದ್ದಾಗ, ಅಮ್ಮ ಎದ್ದು ಮೈಯೆಲ್ಲ ಗುಳ್ಳೆಯಾದಾಗ, ಮೊದಲ ಸಲ ಮುಟ್ಟಾಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಾಗ ಇದ್ದವಳು ನಾನು. ಅದಕ್ಕೆಲ್ಲ ಕಾಗದಪತ್ರ ಇರುವುದಿಲ್ಲ, ಒಪ್ಪಿದೆ. ಆದರೆ ಹುಡುಗಿಗೆ ಗೊತ್ತಿದ್ದೂ ನನ್ನ ಮುಂದೆ ಹಾಗೆ ಕೂತಿದ್ದಳೇ ಎಂಬುದೊಂದು ನನ್ನನ್ನು ಕೊರೆಯುತ್ತಿದೆ. ಊಟ ಸೇರುತ್ತಿಲ್ಲ ಕಣೇ.

ಕಳೆದ ವಾರ ನಡೆದದ್ದನ್ನು ಹೇಳುತ್ತೇನೆ, ಕೇಳು. ಗುರುವಾರ ಸ್ಕೂಲಿನಿಂದ ಬಂದವಳು ನನ್ನ ಕುತ್ತಿಗೆಗೆ ಜೋತುಬಿದ್ದು, “ದೊಡ್ಡಮ್ಮಾ, ಶನಿವಾರ ಸಾಂತೊ ದೊಮಿಂಗೊದಲ್ಲಿ ನನ್ ಫ್ರೆಂಡ್‌ದು ಹದಿನೈದನೇ ಹುಟ್ಟುಹಬ್ಬ. ರಾತ್ರಿ ಅವಳ ಮನೇಲೇ ಇದ್ದು ಭಾನುವಾರ ಬಂದ್ಬಿಡ್ತೀನಿ. ನಂಗೆ ಉದ್ದ ಸುರುಳಿ ಹಾಕ್ಕೊಡ್ತೀಯಾ? ದಪ್ಪ ಕಡ್ಡಿ ಬೇಡ, ಸಣ್ಣ ಕಡ್ಡೀಲಿ, ಬಿಗಿಯಾಗಿ” ಎಂದಳು. “ಪಾರ್ಟಿಗೆ ಸಣ್ಣ ಕಡ್ಡಿ ಯಾಕೇ? ದಪ್ಪದ್ರಲ್ಲಿ ಹಾಕಿದ್ರೆ ಕೂದ್ಲು ಅಲೆ ಅಲೆಯಾಗಿ ಕುಣಿಯುತ್ತೆ” ಎಂದರೆ, “ಇಲ್ಲ ದೊಡ್ಡಮ್ಮಾ, ಮೂರ್ನಾಲ್ಕು ದಿನ ಬಿಚ್ಕೋಬಾರ್ದು” ಎಂದಳು. ನನಗೆ ಖುಷಿಯೇ ಆಯಿತು. ನನ್ನ ಕೈಕೆಲಸ ಅಷ್ಟು ದಿನ ತಲೆ ಮೇಲಿರಲಿ ಎನ್ನುತ್ತಾಳಲ್ಲ ಎಂದು ಮೂರ್ಖಳ ಹಾಗೆ ಹಿಗ್ಗಿದೆ.

ಶುಕ್ರವಾರ ಮಧ್ಯಾಹ್ನ ಬಂದ ಗಿರಾಕಿಗಳನ್ನೆಲ್ಲ ವಾಪಸ್ಸು ಕಳಿಸಿ ಬಾಗಿಲು ಎಳೆದೆ. ನಿನಗೆ ಅವಳ ಕೂದಲು ಗೊತ್ತಿಲ್ಲ. ಇಷ್ಟು ವರ್ಷ ಕಂಪ್ಯೂಟರಿನಲ್ಲಿ ಕಂಡದ್ದಷ್ಟೇ. ಸೊಂಟ ಮುಟ್ಟುತ್ತದೆ, ಒದ್ದೆಯಾದರೆ ಇನ್ನೂ ಉದ್ದ. ಊರಿನ ಅರ್ಧ ಹುಡುಗಿಯರ ತಲೆಗೆ ಸುಡುವ ಕ್ರೀಮು ಹಚ್ಚಿ ನೆಟ್ಟಗೆ ಮಾಡಿದ ಕೈ ಇದು, ಅವಳ ತಲೆಗೆ ಮಾತ್ರ ಒಂದು ದಿನವೂ ಅದನ್ನು ಮುಟ್ಟಿಸಿಲ್ಲ. ತೊಳೆದು, ನೀರು ಹಿಂಡಿ, ಜೆಲ್ ಹಚ್ಚಿ, ಬೈತಲೆ ತೆಗೆದು ಸಣ್ಣ ಸಣ್ಣ ಎಳೆ ಮಾಡಿಕೊಂಡು ಕೂತೆ. ಕಡ್ಡಿಯನ್ನು ನೆಟ್ಟಗೆ ಹಿಡಿದು ಕೂದಲ ತುದಿಯಿಂದ ಸುತ್ತುತ್ತಾ ಮೇಲಕ್ಕೆ ಬರಬೇಕು, ಸುತ್ತಿನ ಮೇಲೆ ಸುತ್ತು ಬೀಳಬಾರದು, ಬಳ್ಳಿ ಕಂಬ ಹತ್ತಿದ ಹಾಗೆ ಹತ್ತಬೇಕು. ಬುಡಕ್ಕೆ ಬಂದ ಮೇಲೆ ಕಡ್ಡಿಯ ಎರಡು ತುದಿಯನ್ನೂ ಮಡಚಿದರೆ ಅದು ತಾನೇ ಕಚ್ಚಿಕೊಳ್ಳುತ್ತದೆ. ಒಳಗೆ ತಂತಿ, ಹೊರಗೆ ಸ್ಪಂಜು, ಹೇಗೆ ಬಗ್ಗಿಸಿದರೆ ಹಾಗೆ ನಿಲ್ಲುತ್ತದೆ. ತಲೆ ತುಂಬ ಕಡ್ಡಿ ಸಿಕ್ಕಿಸಿಕೊಂಡು ಕನ್ನಡಿ ನೋಡಿ “ದೊಡ್ಡಮ್ಮಾ, ಸಮುದ್ರದ ಮುಳ್ಳುಪ್ರಾಣಿ ಥರ ಕಾಣ್ತೀನಿ” ಎಂದು ನಕ್ಕಳು. ಆಮೇಲೆ ಕನ್ನಡಿ ನೋಡುವುದು ಬಿಟ್ಟು ಕಣ್ಣು ಮುಚ್ಚಿಕೊಂಡಳು. ನೋಯುತ್ತಿದೆಯೇನೋ ಎಂದು ಹಣೆಯ ಹತ್ತಿರದ ಎರಡು ಕಡ್ಡಿ ಬಿಚ್ಚಿ ಸಡಿಲ ಮಾಡಿ ಸುತ್ತಿದೆ.

ಡ್ರೈಯರಿನ ಕೆಳಗೆ ಕೂರಿಸಿ ಸ್ವಲ್ಪ ಹೊತ್ತಾಗಿತ್ತು, ಕರೆಂಟು ಹೋಯಿತು. ಇಲ್ಲಿನ ಕರೆಂಟಿನ ಕಥೆ ನೀನು ಮರೆತಿರಬಹುದು, ಅದೇನೂ ಬದಲಾಗಿಲ್ಲ. ಸುರುಳಿಯ ಒಳಗೆ ಒಂದಿಷ್ಟು ತೇವ ಉಳಿದರೂ ಬಿಚ್ಚಿದ ಕೂಡಲೇ ಹತ್ತಿಯ ಹಾಗೆ ಕೆದರಿಹೋಗುತ್ತದೆ. ಅದಕ್ಕೆ ಬೂಟಿನ ಡಬ್ಬಿಯ ರಟ್ಟು ಹರಿದುಕೊಂಡು ಒಂದೊಂದು ಕಡ್ಡಿಗೂ ಗಾಳಿ ಬೀಸಿದೆ. ಭುಜ ಬಿದ್ದುಹೋಯಿತು. “ಸಾಕು ಬಿಡು ದೊಡ್ಡಮ್ಮಾ, ನಿಂಗೆ ಕೈ ನೋಯುತ್ತೆ” ಎಂದಳು. “ಸುಮ್ನಿರೇ, ನಾಳೆ ಅಲ್ಲಿ ಯಾರಾದ್ರೂ ಯಾರು ಮಾಡಿದ್ದು ಅಂತ ಕೇಳ್ತಾರೆ, ನನ್ ಮರ್ಯಾದೆ ಪ್ರಶ್ನೆ” ಎಂದೆ. ಕರೆಂಟು ಬಂದ ಮೇಲೆ ಮತ್ತೆ ಡ್ರೈಯರು. ಅದರ ಕೆಳಗಿನಿಂದ ಎದ್ದವಳೇ ಬಿಸಿ ತಲೆಯಲ್ಲಿ ಫೋನು ಕಿವಿಗಿಟ್ಟುಕೊಂಡು ಗೇಟಿನ ಹತ್ತಿರ ನಿಂತಳು. ಸಂಜೆಯ ತಂಗಾಳಿ ಬೀಸುತ್ತಿತ್ತು. “ಏ ಹುಡುಗಿ, ಬಿಸಿ ತಲೇಲಿ ಗಾಳಿಗೆ ನಿಲ್ತೀಯಾ, ಮುಖ ಸೊಟ್ಟಗಾದ್ರೆ ಯಾರು ಮದುವೆ ಆಗ್ತಾರೆ, ಒಳಗೆ ಬಾ” ಎಂದು ಟವೆಲ್ ಹಿಡಿದುಕೊಂಡು ಓಡಿದೆ. ನನ್ನನ್ನು ನೋಡಿ ಫೋನು ಇಟ್ಟುಬಿಟ್ಟಳು. ತಲೆಗೆ ಟವೆಲ್ ಸುತ್ತಿದೆನೇ ಹೊರತು ಯಾರೇ ಫೋನು ಎಂದು ನಾನು ಕೇಳಲಿಲ್ಲ. ಗಾಳಿಯ ಯೋಚನೆಯಲ್ಲಿ ಫೋನಿನ ಯೋಚನೆ ಬರಲೇ ಇಲ್ಲ. ಆ ಕಡೆ ನೀನಿದ್ದೆ ಎಂದು ಈಗ ಅರ್ಥವಾಗುತ್ತಿದೆ.

ಮಿಲ್ಕೆಯಾ, ಈ ಊರಲ್ಲಿ ವಿಮಾನ ಹತ್ತುವ ಹೆಂಗಸು ಹಿಂದಿನ ದಿನ ಸಲೂನಿಗೆ ಬಾರದೆ ಹತ್ತಿದ್ದಾಳೆಯೇ? ಪಾಸ್‌ಪೋರ್ಟು ಮರೆತಾಳು, ತಲೆ ಮಾಡಿಸಿಕೊಳ್ಳುವುದನ್ನು ಮರೆಯಳು. ಯಾರು ಹೊರಟರು, ಯಾರು ಗಂಡನಿಗೆ ಹೇಳದೆ ಹೊರಟರು ಎಂದು ಮೊದಲು ತಿಳಿಯುವುದು ನನಗೆ. “ಸುನಿಲ್ದಾ, ಬಿಗಿಯಾಗಿ ಹಾಕೇ, ನಾಲ್ಕು ದಿನ ಇರ್ಬೇಕು” ಎಂದು ಯಾರಾದರೂ ಹೇಳಿದರೆ ಸಾಕು, “ನ್ಯೂಯಾರ್ಕೋ, ಸ್ಪೇನೋ?” ಎಂದು ನಾನೇ ಕೇಳುತ್ತೇನೆ. ಎಷ್ಟು ಜನರ ಗುಟ್ಟು ಕಡ್ಡಿ ಸುತ್ತುತ್ತಲೇ ಹಿಡಿದವಳು, ನನ್ನ ಮನೆಯ ಹುಡುಗಿ ಅದೇ ಮಾತು ಹೇಳಿದಾಗ ಕಣ್ಣಿಗೆ ಮಣ್ಣು ಬಿದ್ದಂತೆ ಕೂತಿದ್ದೆ. ಪ್ರಯಾಣದ ಸುರುಳಿಯನ್ನು ನನ್ನ ಕೈಯಿಂದಲೇ ಹಾಕಿಸಿಕೊಂಡು ಹೋದಳು. ಯಾರ ಮೇಲೆ ಸಿಟ್ಟು ಮಾಡಲಿ? ಈ ಕೈಗಳ ಮೇಲೇ ಮಾಡಬೇಕು.

ಶನಿವಾರ ಬೆಳಿಗ್ಗೆ ಒಂದೊಂದೇ ಕಡ್ಡಿ ಬಿಚ್ಚಿದೆ, ಸುತ್ತಿದ ದಿಕ್ಕಿನಲ್ಲೇ ಬಿಚ್ಚಿ ಅಂಗೈಗೆ ಎಣ್ಣೆ ಹಚ್ಚಿಕೊಂಡು ಬೆರಳಿನಲ್ಲಿ ಬಿಡಿಸಿದೆ. ಸೊಂಟದವರೆಗೆ ಸುರುಳಿ ಸುರುಳಿ ಇಳಿದು ತೂಗುತ್ತಿತ್ತು. ತಾತಿಕಾ ಅಜ್ಜಿ ಗೇಟಿನಿಂದಲೇ “ಅಯ್ಯೋ ನನ್ನಮ್ಮಾ, ದೃಷ್ಟಿ ಆಗುತ್ತೆ ಕಣೇ, ಮುಚ್ಚಿಕೊಂಡು ಹೋಗೇ” ಎಂದು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಗೆಳತಿಯ ಅಪ್ಪ ಕಳಿಸಿದ ಕಾರಂತೆ, ಡ್ರೈವರ್ ಕೆಳಗಿಳಿಯಲೂ ಇಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಗೆಳತಿಯ ತಾಯಿಗೆ ನಾನು ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟೆ. ತಿಂದೆಯಾ? ಚೆನ್ನಾಗಿತ್ತಾ? ನಿನ್ನ ಬಾಯಿಗೆ ಹೋಗುತ್ತದೆಂದು ಗೊತ್ತಿದ್ದರೆ ನಿನಗಿಷ್ಟದ ಶುಂಠಿ ಹಾಕಿಯೇ ಮಾಡುತ್ತಿದ್ದೆ.

ಭಾನುವಾರ ಮಧ್ಯಾಹ್ನಕ್ಕೆ ಬರುತ್ತಾಳೆಂದು ಬಾಳೆಕಾಯಿ ಬೇಯಿಸಿ ಅರೆದು, ಚೀಸು ಹುರಿದು, ತಟ್ಟೆ ಮುಚ್ಚಿಟ್ಟೆ. ಸಂಜೆಗೆ ಬಂದದ್ದು ನಿನ್ನ ಫೋನು. “ಅಕ್ಕಾ, ಕೂಗಾಡ್ಬೇಡ. ಅವಳು ಇಲ್ಲಿ ಮ್ಯಾಡ್ರಿಡ್ಡಲ್ಲಿ ನನ್ ಹತ್ರ ಇದ್ದಾಳೆ. ಮಲಗಿದ್ದಾಳೆ” ಎಂದೆ. ನಾನು ಕೂಗಾಡಲಿಲ್ಲ, ನೆನಪಿದೆಯಾ? ಮುಚ್ಚಿಟ್ಟ ತಟ್ಟೆಯನ್ನು ತಾತಿಕಾ ಅಜ್ಜಿಯ ನಾಯಿಗೆ ಹಾಕಿ ಬಂದೆ.

ನಾನು ಅಂದುಕೊಂಡದ್ದು, ಹೋಗಲಿ, ಯಾರೋ ಪರಿಚಯದವರ ಜೊತೆ ಕರೆಸಿಕೊಂಡಿದ್ದೀಯ, ನಿನಗೆ ರಜೆ ಸಿಕ್ಕಿರಲಿಕ್ಕಿಲ್ಲ ಎಂದು. ನಿನ್ನೆ ನನ್ನ ಹತ್ತಿರ ಕೆಲಸ ಕಲಿತ ಹುಡುಗಿಯೊಬ್ಬಳು ಸಾಂತೊ ದೊಮಿಂಗೊದಿಂದ ಫೋನು ಮಾಡಿದಳು, “ಸುನಿಲ್ದಕ್ಕಾ, ಶುಕ್ರವಾರ ನಮ್ ಸಲೂನಿಗೆ ನಿಮ್ಮ ತಂಗಿ ಬಂದಿದ್ರು, ನಿಮ್ಮ ಫೋಟೋದಲ್ಲಿ ನೋಡಿದ ಮುಖ, ತಕ್ಷಣ ಗುರುತು ಸಿಕ್ತು. ರೋಲರ್ ಹಾಕಿ ಕೊಟ್ಟೆ. ನಾಳೆ ವಿಮಾನ ಅಂದ್ರು. ನಿಮ್ಮಲ್ಲಿಗೆ ಬಂದಿದ್ರಲ್ವಾ?” ಬಂದಿದ್ದಳು ಮಗಾ, ಬಂದಿದ್ದಳು ಎಂದೆ. ಇನ್ನೇನು ಹೇಳಲಿ? ನೀನು ಎಲ್ಲ ಮುಚ್ಚಿಟ್ಟೆ, ಕಾರು ಕಳಿಸಿದೆ, ಡ್ರೈವರನ ಬಾಯಿ ಕಟ್ಟಿಸಿದೆ, ಆದರೆ ತಲೆ ಮಾಡಿಸಿಕೊಳ್ಳದೆ ವಿಮಾನ ಹತ್ತಲು ನಿನ್ನಿಂದಲೂ ಆಗಲಿಲ್ಲ. ಬಾನಿಯ ಹೆಂಗಸಲ್ಲವೇ ನೀನೂ. ಒಂದೂವರೆ ಗಂಟೆಯ ದಾರಿ ಮಿಲ್ಕೆಯಾ! ಸಮುದ್ರ ದಾಟಿ ಬಂದವಳಿಗೆ ಒಂದೂವರೆ ಗಂಟೆಯ ಬಸ್ಸು ಭಾರವಾಯಿತೇ? ನಾನು ಇಲ್ಲಿ ಮಗಳ ತಲೆಗೆ ರಟ್ಟು ಬೀಸುವಾಗ ನೀನು ಅಲ್ಲಿ ಡ್ರೈಯರ್ ಕೆಳಗೆ ಪತ್ರಿಕೆ ಓದುತ್ತಾ ಕೂತಿದ್ದೆ. ಅಮ್ಮನ ಸಮಾಧಿಯ ಮೇಲೆ ಒಂದು ಹೂವಿಡಲೂ ಬರಲಿಲ್ಲ.

ನೀನು ಏನು ಹೇಳುತ್ತೀಯೆಂದು ಗೊತ್ತು. ಹಿಂದೊಮ್ಮೆ, ಹುಡುಗಿ ಇನ್ನೂ ಚಿಕ್ಕವಳಿದ್ದಾಗ, ಕರೆದುಕೊಂಡು ಹೋಗಲು ನೀನು ಎದುರಿಗೇ ಬಂದಿದ್ದೆ. ಅವಳು ಗೇಟಿನ ಕಂಬಿ ಹಿಡಿದು ಬಿಡಲಿಲ್ಲ, ನಾನು ಇಡೀ ಬೀದಿಯನ್ನು ಸೇರಿಸಿದೆ, ನೀನು ಅಳುತ್ತಾ ಒಬ್ಬಳೇ ಹೋದೆ. ಹೌದು, ಕಿರುಚಿದ್ದೆ. ಇನ್ನೊಮ್ಮೆಯೂ ಕಿರುಚುತ್ತಿದ್ದೆ. ಆದರೆ ನಾನು ಕಿರುಚಿದರೂ ನಿನ್ನ ಮುಖ ನೋಡಿಯೇ ಕಿರುಚಿದೆ. ನಿನ್ನ ಹಾಗೆ ಕಾರಿನಲ್ಲಿ ಕೋಳಿ ಕದ್ದವರಂತೆ ಒಯ್ಯಲಿಲ್ಲ. ಈಗ ಬೀದಿಯಲ್ಲಿ ತಲೆಯೆತ್ತಿ ನಡೆಯಲು ಆಗುತ್ತಿಲ್ಲ. ಎದುರು ಸಾಲಿನಲ್ಲಿ ಸಲೂನು ಇಟ್ಟಿರುವ ದೆಯಾನಿರಾ ಇದ್ದಾಳಲ್ಲ, ಅವಳು ಬೆಳಿಗ್ಗೆ ಗಿರಾಕಿಗಳ ಮುಂದೆಯೇ, “ಏನ್ ಸುನಿಲ್ದಾ, ಊರೋರ್ ತಲೆ ಒಳಗಿಂದೆಲ್ಲಾ ನಿಂಗೊತ್ತಾಗುತ್ತೆ, ಮನೇಲಿರೋ ತಲೆ ಗೊತ್ತಾಗ್ಲಿಲ್ವಾ?” ಎಂದಳು. ಬಾಚಣಿಗೆ ಎಸೆದೆ. ತಾಗಲಿಲ್ಲ, ದರಿದ್ರ.

ನನಗೆ ಹೊಟ್ಟೆ ಉರಿಯುತ್ತಿದೆ ತಂಗೀ. ಸಿಟ್ಟಿಗಿಂತ ಅವಮಾನ ಹೆಚ್ಚು, ಅವಮಾನಕ್ಕಿಂತ ಹೆಚ್ಚಿನದಕ್ಕೆ ಏನೆನ್ನುತ್ತಾರೋ ಗೊತ್ತಿಲ್ಲ. ಆದರೂ ಕೈಯಿಂದ ಕೆಟ್ಟ ಮಾತು ಬರೆಯಿಸಬೇಡ ಎಂದು ಆಲ್ತಾಗ್ರಾಸಿಯಾ ಮಾತೆಯಲ್ಲಿ ಬೇಡಿಕೊಂಡೇ ಬರೆಯಲು ಕೂತೆ. ಹುಡುಗಿಯನ್ನು ಚೆನ್ನಾಗಿ ನೋಡಿಕೋ. ಅವಳಿಗೆ ಈರುಳ್ಳಿ ಹಸಿಯಾಗಿದ್ದರೆ ಸೇರುವುದಿಲ್ಲ, ಒಬ್ಬಳೇ ಲಿಫ್ಟಿನಲ್ಲಿ ಹೋಗಲು ಹೆದರುತ್ತಾಳೆ. ದೇವರು ನಿಮ್ಮಿಬ್ಬರನ್ನೂ ಕಾಪಾಡಲಿ, ನಿನ್ನನ್ನು ಸ್ವಲ್ಪ ತಡವಾಗಿ ಕಾಪಾಡಿದರೂ ನನ್ನ ತಕರಾರಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಅವಳಿಗೆ ಗೊತ್ತಿರಲಿಲ್ಲ ಎಂದು ಬರೆದರೆ ನಾನು ನಂಬುತ್ತೇನೆ.

ನಿನ್ನ ಅಕ್ಕ,
ಸುನಿಲ್ದಾ

ಇನ್ನೊಂದು ಮಾತು: ಗುರುವಾರ. ತಾತಿಕಾ ಅಜ್ಜಿಯ ಸೊಸೆ ಡ್ರೈಯರ್ ಕೆಳಗಿದ್ದಾಳೆ, ಅವಳು ಏಳುವುದರೊಳಗೆ ಗೀಚುತ್ತಿದ್ದೇನೆ. ನೀನು ಉತ್ತರ ಬರೆಯಬೇಕಾಗಿಲ್ಲ. ಈಗಷ್ಟೇ ಯಾನೆಲಿಸ್ ಫೋನು ಮಾಡಿದ್ದಳು, ನೀನು ಕೆಲಸಕ್ಕೆ ಹೋದದ್ದು ನೋಡಿಕೊಂಡು. “ಗೊತ್ತಿತ್ತು ದೊಡ್ಡಮ್ಮಾ. ಈಸ್ಟರ್‌ನಿಂದ್ಲೇ ಗೊತ್ತಿತ್ತು. ನಿನ್ ಕೈಗೆ ಸಿಕ್ರೆ ನೀನು ಕಂಡುಹಿಡೀತೀಯ, ದೆಯಾನಿರಾ ಹತ್ರ ಮಾಡಿಸ್ಕೋ ಅಂತ ಅಮ್ಮ ಹೇಳಿದ್ಲು. ನಾನೇ ಒಲ್ಲೆ ಅಂದೆ. ನಿನ್ ಕೈಲೇ ಆಗ್ಲಿ ಅನ್ನಿಸ್ತು” ಎಂದು ಬಿಕ್ಕಿ ಬಿಕ್ಕಿ ಅತ್ತಳು. ಸುರುಳಿ ಇನ್ನೂ ನಿಂತಿದೆಯೇನೇ ಎಂದು ಕೇಳಿದೆ. “ಒಂದೂ ಬಿಚ್ಕೊಂಡಿಲ್ಲ ದೊಡ್ಡಮ್ಮಾ” ಎಂದಳು. ಫೋನು ಇಟ್ಟುಬಿಟ್ಟೆ. ನಾನು ಹೇಳಿದ್ದನ್ನೆಲ್ಲ ಕೇಳಿ ಸೊಸೆ ಕಣ್ಣೊರೆಸಿಕೊಂಡು, “ನೋಡು ಸುನಿಲ್ದಾ, ಎಷ್ಟು ಪ್ರೀತಿ ಆ ಹುಡ್ಗೀಗೆ ನಿನ್ ಮೇಲೆ” ಎನ್ನುತ್ತಿದ್ದಾಳೆ. ಪ್ರೀತಿಯಂತೆ! ನಿನ್ನನ್ನು ಎಂದಾದರೂ ಕ್ಷಮಿಸಿಯೇನು ಮಿಲ್ಕೆಯಾ, ನೀನು ದೂರದಲ್ಲಿದ್ದು ಮೋಸ ಮಾಡಿದೆ. ಅವಳು ಇಡೀ ಮಧ್ಯಾಹ್ನ ನನ್ನ ಮಂಡಿಗೆ ಬೆನ್ನು ಕೊಟ್ಟು, ತಲೆಯನ್ನು ನನ್ನ ಕೈಗೆ ಕೊಟ್ಟು ಕೂತು ಮಾಡಿದಳು. ಅದನ್ನು ಏನು ಮಾಡಲಿ, ನೀನೇ ಹೇಳು.