ನೋಡೋಣ ಮೇಡಂ

ಆಗಸ್ಟ್ 6, ಮಂಗಳವಾರ. ಸಂಜೆ

ಮಕ್ಕಳಿಗೆ ಹಾಲು ಕೊಟ್ಟಾಯಿತು. ಪ್ರಾರ್ಥನೆ ಆಯಿತು. ಒಂಬತ್ತನೆಯ ತರಗತಿಗೆ ಬೀಜಗಣಿತ ಶುರು ಮಾಡಿದ್ದೆ, ಮತ್ತೆ ಆಫೀಸಿನಿಂದ ಕರೆ. ಹೆಡ್‌ಮಾಸ್ತರರು ರಿಟೈರ್ ಆಗಿ ಆರು ದಿನ. ಸೀನಿಯರ್ ನಾನೇ ಎಂದು ಕುರ್ಚಿ ನನಗೆ ಬಂದಿದೆ — ಇನ್‌ಚಾರ್ಜ್. ಹತ್ತೊಂಬತ್ತು ವರ್ಷ ಗಣಿತ ಕಲಿಸಿದವಳು. ಗಣಿತದಲ್ಲಾದರೆ ಪುಸ್ತಕದ ಹಿಂದೆ ಉತ್ತರ ಇರುತ್ತದೆ.

ಇವತ್ತು ಕೇಳಿದ್ದು... ಒಡೆದ ನಲ್ಲಿ ರಿಪೇರಿಯೋ, ಹೊಸದೋ. ಧ್ವಜದ ಕಟ್ಟೆಗೆ ಸುಣ್ಣವೋ, ಬಣ್ಣವೋ. ಆಗಸ್ಟ್ ಹದಿನೈದಕ್ಕೆ ಬೂಂದಿಯೋ, ಪೇಢೆಯೋ. ಎಲ್ಲದಕ್ಕೂ ‘ನೋಡೋಣ’ ಎಂದೆ.

ಪ್ಯೂನ್ ಗೌಸಸಾಬ ಬಾಗಿಲಲ್ಲೇ ನಿಂತಿದ್ದ. ನನಗಿಂತ ಹಿರಿಯ. ಯಾರಿಗೂ ಹೆದರುವವನಲ್ಲ.

“ಬಾಯರ, ಹೂಂ ಅನ್ರಿ, ಇಲ್ಲಾ ಬ್ಯಾಡ ಅನ್ರಿ. ನೋಡೋಣ ಅಂದ್ರ ನಾ ಸುಣ್ಣದ ಬಕೀಟ ಹಿಡಕೊಂಡು ಎಷ್ಟ ದಿನ ನಿಂದರ್ಲಿ?”

ಸ್ವಲ್ಪ ಜಾಸ್ತಿಯೇ ಮಾತಾಡುತ್ತಾನೆ.

ಆಗಸ್ಟ್ 7, ಬುಧವಾರ

ಹುಡುಗಿಯರ ಖೋಖೋ ತಂಡದ್ದು ಹೊಸ ತಲೆಬಿಸಿ. ಇಪ್ಪತ್ತಕ್ಕೆ ಹುನಗುಂದದಲ್ಲಿ ತಾಲೂಕು ಪಂದ್ಯ. ಹೆಸರು ಕೊಡಲು ಈ ಶನಿವಾರ ಸಂಜೆ ಐದೇ ಕೊನೆ. ಪಿ.ಟಿ. ಮಾಸ್ತರ ವಿಜಯಮಹಾಂತೇಶನಿಗೆ ಅದೇ ವಾರ ತರಬೇತಿ. ಲೇಡಿ ಟೀಚರ್ ಯಾರಾದರೂ ಮ್ಯಾನೇಜರ್ ಆಗಿ ಹೋಗಬೇಕು.

“ಫಾರ್ಮ್ ತಂದೇನ್ರಿ ಮೇಡಂ. ಸಹಿ ಒಂದು, ಮ್ಯಾನೇಜರ್ ಹೆಸರು ಒಂದು. ಅಷ್ಟ.”

ಅಷ್ಟೇ ಅಂತೆ! ಯಾರನ್ನು ಕಳಿಸುವುದು? ಹಿಂದಿ ಟೀಚರಿಗೆ ಸೊಂಟನೋವು. ವಿಜ್ಞಾನದವರಿಗೆ ಸಣ್ಣ ಮಗು. ನಾನು? ಖೋಖೋದಲ್ಲಿ ಎಷ್ಟು ಜನ ಆಡುತ್ತಾರೆ ಎಂಬುದೂ ಗೊತ್ತಿಲ್ಲ. ದಾರಿಯಲ್ಲಿ ಏನಾದರೂ ಆದರೆ? ಫಾರ್ಮ್ ಬ್ಯಾಗಿಗೆ ಹಾಕಿಕೊಂಡೆ. ನೋಡೋಣ.

ಆಗಸ್ಟ್ 9, ಶುಕ್ರವಾರ

ಮೆಟ್ಟಿಲ ಕೆಳಗೆ ಎಂಟನೆಯ ತರಗತಿಯ ಖುಶನುಮಾ ನನ್ನ ನಕಲು ಮಾಡುತ್ತಿದ್ದಳು. ಕೈ ಗದ್ದಕ್ಕೆ, ಕಣ್ಣು ಮೇಲಕ್ಕೆ — “ನೋಡೋಣ... ನೋಡೋಣ...” ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಿದ್ದರು. ಶಾಲೆಯಲ್ಲಿ ನನ್ನ ಹೆಸರೇ ‘ನೋಡೋಣ ಮೇಡಂ’ ಅಂತೆ. ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಅಫ್ಸರನಿಗೆ ಹೇಳಿದರೆ, ಗಂಡ ಎನಿಸಿಕೊಂಡವನು ಅವರಿಗಿಂತ ಜೋರಾಗಿ ನಕ್ಕ.

“ಖರೇನ ಐತಲ್ಲ ಅಬೇದಾ. ಫ್ರಿಡ್ಜ್ ಯಾವ ಬಣ್ಣದ್ದು ತರೂದು ಅಂತ ಎರಡು ವರ್ಷದಿಂದ ನೋಡಾಕತ್ತೀವಿ.”

ಊಟಕ್ಕೆ ಅವನಿಗೆ ಬರೀ ಅನ್ನ-ಸಾರು. ಅದನ್ನು ಮಾತ್ರ ತಕ್ಷಣ ನಿರ್ಧರಿಸಿದೆ.

ಆಗಸ್ಟ್ 12, ಸೋಮವಾರ. ಮಧ್ಯಾಹ್ನ 12

ಫಾರ್ಮ್ ಇನ್ನೂ ಬ್ಯಾಗಿನಲ್ಲೇ ಇದೆ. ಶನಿವಾರದ ಐದು ಗಂಟೆ ದಾಟಿಹೋಗಿದೆ.

ತಂಡದ ಕ್ಯಾಪ್ಟನ್ ಐಶ್ವರ್ಯ ಬಂದಿದ್ದಳು. ಹತ್ತನೆಯ ತರಗತಿ. ಈ ಶಾಲೆಯಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ.

“ಬ್ಯಾಡ ಅಂದಿದ್ರ ಬ್ಯಾಡ ಅಂತ ತಿಳ್ಕೋತಿದ್ವಿರಿ ಮೇಡಂ. ನೀವು ಏನೂ ಹೇಳಲಿಲ್ಲ. ನಾವು ದಿನಾ ಮುಂಜಾನಿ ಐದಕ್ಕ ಎದ್ದು ಓಡಿದ್ವಿ.”

ನನ್ನ ಮೇಲೇ ನನಗೆ ನಾಚಿಕೆಯಾಯಿತು. ತಪ್ಪಾದೀತು ಎಂದು ಹೆದರಿ ಸುಮ್ಮನೆ ಕೂತೆ. ಕೂತಿದ್ದೇ ತಪ್ಪಾಯಿತು. ಹನ್ನೆರಡೂವರೆಗೆ ಹುನಗುಂದದ ಬಸ್ಸಿದೆ. ಹೊರಟೆ.

ಅದೇ ದಿನ, ಸಂಜೆ 6

ಕಮತಗಿ ದಾಟುವಾಗ ಬಸ್ಸಿನಲ್ಲೇ ಫಾರ್ಮ್ ತುಂಬಿದೆ. ಮ್ಯಾನೇಜರ್ ಕಾಲಂನಲ್ಲಿ ನನ್ನದೇ ಹೆಸರು. ಅಕ್ಷರ ಕುಣಿದಿವೆ.

ಹುನಗುಂದದಲ್ಲಿ ಪಂದ್ಯದ ಉಸ್ತುವಾರಿ ರಾಚಯ್ಯ ಮಾಸ್ತರರದು. ತಲೆ ಎತ್ತದೆ ಹೇಳಿದರು, “ಲಿಸ್ಟ್ ಕ್ಲೋಸ್ ಆಗೇತ್ರಿ.”

“ತಪ್ಪು ನಂದ ಐತ್ರಿ, ಹುಡುಗ್ಯಾರದಲ್ಲ. ಬೈಯೂದಿದ್ರ ನನಗ ಬೈರಿ. ಹೆಸರು ಬರ್ಕೊಳ್ರಿ.”

“ಮ್ಯಾನೇಜರ್ ಯಾರು?”

“ನಾನ.”

“ಖೋಖೋ ಗೊತ್ತೈತೇನ್ರಿ ನಿಮಗ?”

“ಇಪ್ಪತ್ತನೇ ತಾರೀಖಿನೊಳಗ ಕಲೀತೇನಿ.”

ಈಗ ತಲೆ ಎತ್ತಿದರು. ಡ್ರಾ ಎತ್ತುವುದು ನಾಳೆ ಇತ್ತು, ಪುಣ್ಯ. ಬರೆದುಕೊಂಡರು. ಬೈದರು ಕೂಡ, ಚೆನ್ನಾಗಿಯೇ. ನಗುತ್ತ ಕೇಳಿಸಿಕೊಂಡೆ. ಹೊರಗೆ ಬಂದು ಗೌಸಸಾಬನಿಗೆ ಫೋನ್ ಮಾಡಿದೆ. ಕಟ್ಟೆಗೆ ಸುಣ್ಣ. ಪೇಢೆ. ನಲ್ಲಿ ಹೊಸದು.

“ಬಾಯರ, ಆರಾಮ ಅದೀರಿಲ್ರಿ?”

ಆಗಸ್ಟ್ 20, ಮಂಗಳವಾರ. ವಾಪಸ್ ಬರುವ ಬಸ್ಸಿನಲ್ಲಿ

ಗೆದ್ದೆವು!! ಒಂದೇ ಪಾಯಿಂಟ್! ಹುಡುಗಿಯರ ಗದ್ದಲಕ್ಕೆ ಕಂಡಕ್ಟರ್ ಎರಡು ಸಲ ಗದರಿದ, ಮೂರನೆಯ ಸಲ ತಾನೂ ಚಪ್ಪಾಳೆ ತಟ್ಟಿದ. ಇನ್ನು ಬಾಗಲಕೋಟೆಯಲ್ಲಿ ಜಿಲ್ಲಾ ಪಂದ್ಯ.

ಆದರೆ ಆಫ್ರೀನ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಂಡದಲ್ಲಿ ಅವಳಷ್ಟು ವೇಗ ಯಾರಿಗೂ ಇಲ್ಲ. ಸೆಮಿಫೈನಲ್‌ನಲ್ಲಿ ಕಾಲು ಹೊರಳಿತು, ಊದಿತು. “ಏನೂ ಆಗಿಲ್ರಿ, ಫೈನಲ್ ಆಡ್ತೇನಿ” ಎಂದಳು. “ಅಕಿ ಇಲ್ಲಂದ್ರ ಸೋಲ್ತೀವ್ರಿ” ಎಂದಳು ಐಶ್ವರ್ಯ. ಹನ್ನೊಂದು ಮುಖ ನನ್ನ ಕಡೆ. ರೆಫ್ರಿ ಗಡಿಯಾರ ನೋಡುತ್ತಿದ್ದರು. ಆಡಿಸಿದರೆ? ಹೊರಗೆ ಕೂಡಿಸಿ ಸೋತರೆ?

“ಆಫ್ರೀನ ಹೊರಗ ಕೂಡ್ತಾಳ. ಖುಶನುಮಾ ಇಳೀತಾಳ” ಎಂದೆ.

ನನ್ನ ನಕಲು ಮಾಡಿದವಳೇ, ಹೌದು. ತಂಡದಲ್ಲಿ ಬದಲಿ ಆಟಗಾರ್ತಿ, ಕಡ್ಡಿಯಂಥ ಹುಡುಗಿ. ಮೊದಲ ಓಟದಲ್ಲೇ ಬಿದ್ದಳು. ಎದ್ದಳು, ಮೂವರನ್ನು ಔಟ್ ಮಾಡಿದಳು.

ಸೋತಿದ್ದರೆ? ಎಲ್ಲರೂ ನನ್ನನ್ನೇ ಅನ್ನುತ್ತಿದ್ದರು. ಅನ್ನಲಿ. ಕಾಲು ಆ ಮಗುವಿನದು. ಈಗ ಕಿಟಕಿಗೆ ಮುಖ ಮಾಡಿ ಕೂತಿದ್ದಾಳೆ. ಸಿಟ್ಟಾಗುವ ಹಕ್ಕು ಅವಳಿಗಿದೆ.

ಸೆಪ್ಟೆಂಬರ್ 3, ಮಂಗಳವಾರ

ಆಫ್ರೀನಳ ತಾಯಿ ಸಾಜಿಯಾ ಶಾಲೆಗೆ ಬಂದರು. ಜಗಳಕ್ಕೇ ಎಂದುಕೊಂಡೆ.

“ಅವತ್ತು ಓಡಿದ್ರ ಎರಡು ತಿಂಗಳು ಪ್ಲಾಸ್ಟರ್ ಇತ್ತಂತ್ರಿ, ದವಾಖಾನ್ಯಾಗ ಹೇಳಿದ್ರು. ಈಗ ಓಡಬಹುದಂತ. ಬಾಗಲಕೋಟಿಗೆ ಕಳಸ್ಲ್ಯೋ ಬ್ಯಾಡೋ, ನೀವು ಹೇಳಿದಂಗ.”

“ಬರ್ತಾಳ” ಎಂದೆ.

ಬಾಗಿಲ ಹಿಂದೆ ಅಡಗಿದ್ದ ಆಫ್ರೀನ ಕೂಗಿಕೊಂಡದ್ದು ಇಡೀ ಶಾಲೆಗೆ ಕೇಳಿತು. ಒಳಗೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಮನೆಗೆ ಫ್ರಿಡ್ಜ್ ಬಂತು. ಕೆಂಪು. ಅಫ್ಸರನಿಗೆ ನೀಲಿ ಬೇಕಿತ್ತಂತೆ. ಈಗ ಹೇಳುತ್ತಾನೆ!

ಸೆಪ್ಟೆಂಬರ್ 12, ಗುರುವಾರ. ಬಾಗಲಕೋಟೆ, ಮೈದಾನದಲ್ಲಿ, 3.40

ಫೈನಲ್. ನಮ್ಮದು ಕೊನೆಯ ಪಾಳಿ. ಗೆಲ್ಲಲು ಏಳು ಜನರನ್ನು ಔಟ್ ಮಾಡಬೇಕು. ಗೌಸಸಾಬ ರಜೆ ಹಾಕಿ ಬಂದಿದ್ದಾನೆ, ಕೂಗಿ ಕೂಗಿ ಗಂಟಲು ಬಿದ್ದಿದೆ.

ಹುಡುಗಿಯರು ನೀರು ಕುಡಿದು ನನ್ನ ಸುತ್ತ ನಿಂತರು. “ಮೊದಲ ಯಾರು ಓಡೂದ್ರಿ ಮೇಡಂ?” — ಐಶ್ವರ್ಯ. ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. ಅವಳ ಮುಖ ನೋಡಿದೆ. ಅವಳಿಗೂ ಗೊತ್ತಿತ್ತು, ಹೇಳಲು ಹೆದರಿಕೆ. ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು.

“ಕ್ಯಾಪ್ಟನ್ ನೀ. ನೀನ ಹೇಳು. ಗೆದ್ರ ನಿಂದು. ತಪ್ಪಾತಂದ್ರ ಮೇಡಂ ಹೇಳಿದ್ರು ಅಂತ ನನ್ನ ಹೆಸರು ಹೇಳು.”

ಅವಳು ತಂಡದ ಕಡೆ ತಿರುಗಿದಳು.

“ಆಫ್ರೀನ ಮೊದಲ. ಆಮ್ಯಾಲ ನಾ. ನಡೀರಿ!”

ಯಾರೂ ಎದುರಾಡಲಿಲ್ಲ. ಎಲ್ಲರೂ ಅವಳ ಹಿಂದೆ ಓಡಿದರು. ಸೀಟಿ ಆಯಿತು. ಒಂದು... ಎರಡು! ಐಶ್ವರ್ಯ ಕೂಗಿ ಕೂಗಿ ಎಲ್ಲರನ್ನೂ ನಡೆಸುತ್ತಿದ್ದಾಳೆ, ನನ್ನ ಕಡೆ ಒಮ್ಮೆಯೂ ತಿರುಗಿ ನೋಡಿಲ್ಲ. ಎಷ್ಟು ಖುಷಿಯಾಗುತ್ತಿದೆ ಎಂದರೆ... ನಾಲ್ಕು. ಐದು! ಇನ್ನು ಕೂತು ಬರೆಯಲು ಆಗುವುದಿಲ್ಲ, ಆರನೆಯವಳು ಕಂಬದ ಹತ್ತಿರ ಸಿಕ್ಕಿ—