ಫಿಲ್ಟರ್ ಮೇಲಿನ ಕೆಂಪು ಚುಕ್ಕೆ

ಪ್ರೀತಿಯ ಅಪ್ಪಾ,

ನಮ್ಮ ಕಾರಿನ ಸರ್ವಿಸ್‌ನಲ್ಲಿ ಡೀಲರ್‌ನವರು ಏರ್ ಫಿಲ್ಟರನ್ನು ನಿಜವಾಗಿಯೂ ಬದಲಿಸಿದರು! “ಅಷ್ಟು ಬಗ್ಗಿ ನಮಸ್ಕಾರ ಮಾಡೋ ಡೀಲರ್‌ನವರನ್ನ ನಂಬಬೇಡ ಕಣೇ” ಎಂದು ನೀವು ನನ್ನ ಮದುವೆಯ ದಿನವೂ ಹೇಳಿದ್ದಿರಲ್ಲ, ನೋಡೇಬಿಡೋಣವೆಂದು ಸರ್ವಿಸ್‌ಗೆ ಬಿಡುವ ಮೊದಲೇ ಹಳೆಯ ಫಿಲ್ಟರ್ ಮೇಲೆ ಗುಟ್ಟಾಗಿ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದೆ. “ಪತ್ತೇದಾರಿ ಹೆಂಡ್ತಿ ಸಿಕ್ಕಳಪ್ಪಾ!” ಎಂದು ಸೋಸುಕೆ ನಕ್ಕರು.

ಮೆಕ್ಯಾನಿಕ್ ಚುಕ್ಕೆಯಿದ್ದ ಆ ಹಳೆಯ ಫಿಲ್ಟರನ್ನು ತಟ್ಟೆಯಲ್ಲಿಟ್ಟು ತಂದು, ಬಗ್ಗಿ, “ಹೊಸದಕ್ಕೂ ಒಂದು ಚುಕ್ಕೆ ಇಡ್ತೀರಾ, ಮೇಡಂ?” ಎಂದರು. ನಾಚಿಕೆಯಿಂದ ನಾನು ಅವರಿಗಿಂತಲೂ ಕೆಳಗೆ ಬಗ್ಗಿದೆ!

ಅಪ್ಪಾ, ಸೊಂಟದ ಆಪರೇಷನ್ ಆಗಿದೆ, ಇನ್ನು ಕಾರಿನಡಿ ತೂರಬೇಡಿ. ಈ ಸಲ ಚಳಿಗಾಲಕ್ಕೆ ಹಿಮದಲ್ಲಿ ಜಾರದ ಟಯರುಗಳನ್ನು ನಿಮ್ಮೂರಿನ ಡೀಲರ್‌ನವರೇ ಹಾಕಲಿ. ನೀವು ಅವರ ಕಾಫಿ ಕುಡಿಯುತ್ತಾ ತಪ್ಪು ಹುಡುಕಿ. ನಾನು ಬರುವವರೆಗೆ ಜಾಕ್ ಮುಟ್ಟಬೇಡಿ. ಉಗುರುಬಣ್ಣದ ಸೀಸೆಯೊಡನೆ ಶನಿವಾರ ಬೆಳಗಿನ ಹಯಾಬುಸಾ ರೈಲಿನಲ್ಲಿ ಬರುತ್ತಿದ್ದೇನೆ.

ನಿಮ್ಮ ಮಗಳು,
ಕೊತೊಹಾ